ಮೂರು ಮಂದಿ ಹೇಳಿದ ಸುದ್ದಿ

ಒಂಬತ್ತನೆಯ ತರಗತಿಯಲ್ಲಿದ್ದಾಗ ನನಗೆ ಒಂದು ಕಡೆ ಕೂರಲು ಬರುತ್ತಿರಲಿಲ್ಲ. ಬೆಂಚಿನ ಮೇಲೆ ಕೂತರೆ ಕಾಲು ಅಲ್ಲಾಡುತ್ತಿತ್ತು. ಕಾಲನ್ನು ಗದರಿಸಿ ನಿಲ್ಲಿಸಿದರೆ ಬೆರಳು ಪೆನ್ನಿನ ಟೋಪಿಯನ್ನು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. "ಕಾಲಿಗೆ ಗಾಲಿ ಕಟಗೊಂಡು ಹುಟ್ಟೀಯೇನ ನೀ?" ಎಂದು ಅವ್ವ ದಿನಾ ಬೈಯುತ್ತಿದ್ದಳು. ಬೈದರೆ ಇನ್ನಷ್ಟು ಅಲ್ಲಾಡಿಸುತ್ತಿದ್ದೆ. ಮೈಯೊಳಗೆ ಏನೋ ಕುದಿಯುತ್ತಿತ್ತು, ಅದು ಏನೆಂದು ನನಗೂ ಗೊತ್ತಿರಲಿಲ್ಲ.

ನಮ್ಮ ಮನೆ ಕುಷಾಯಿಗೂಡದಲ್ಲಿ. ಅಪ್ಪ ಅಲ್ಲಿನ ದೊಡ್ಡ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೌಕರಿಗಾಗಿ ಬಾಗಲಕೋಟೆ ಕಡೆಯಿಂದ ಬಂದು ಅಲ್ಲೇ ನೆಲೆ ನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಹೈದರಾಬಾದಿಗೂ ಆಗ ನನ್ನದೇ ರೋಗ ಬಡಿದಿತ್ತು. ನಿನ್ನೆ ಬಂಡೆಗಲ್ಲು ಇದ್ದಲ್ಲಿ ಇವತ್ತು ಗುಂಡಿ, ಗುಂಡಿ ಇದ್ದಲ್ಲಿ ಗಾಜಿನ ಕಟ್ಟಡ. ಪಕ್ಕದ ಮನೆಯ ಹುಡುಗ ಕಂಪ್ಯೂಟರ್ ಕೋರ್ಸಿಗೆ ಸೇರಿದ, ಎದುರು ಮನೆಯವನು ಸೇರಿದ, ಕಿರಾಣಿ ಅಂಗಡಿಯವನ ಮಗನೂ ಸೇರಿದ. ಎಲ್ಲರೂ ಎಲ್ಲಿಗೋ ಹೊರಟವರ ಹಾಗೆ ಮಾತಾಡುತ್ತಿದ್ದರು. ನಾನೊಬ್ಬಳು ಮಾತ್ರ ಬೆಂಚಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದೆ.

ಆ ವರ್ಷ ನಮ್ಮ ಶಾಲೆಗೂ ಕಂಪ್ಯೂಟರುಗಳು ಬಂದವು. ಬಂದವೇನೋ ಸರಿ, ಅವುಗಳಿಂದ ಏನು ಮಾಡಿಸಬೇಕೆಂದು ಶಾಲೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಪ್ಲಾಸ್ಟಿಕ್ ಹೊದಿಕೆ ಹೊದ್ದುಕೊಂಡು ತಣ್ಣಗಿನ ಕೋಣೆಯಲ್ಲಿ ಸುಮ್ಮನೆ ಕೂತಿದ್ದವು. ತಂದೆತಾಯಂದಿರು ಗದ್ದಲ ಮಾಡಿದ ಮೇಲೆ ಪ್ರಿನ್ಸಿಪಾಲರು ಶನಿವಾರದ ಕೊನೆಯ ಪಿರಿಯಡ್‌ಗೆ ಪತ್ರಿಕೆ ಕ್ಲಾಸು ಎಂದು ಒಂದನ್ನು ಶುರುಮಾಡಿದರು. ಮಕ್ಕಳೇ ಸುದ್ದಿ ತರಬೇಕು, ಮಕ್ಕಳೇ ಬರೆಯಬೇಕು, ಕಂಪ್ಯೂಟರಿನಲ್ಲಿ ಪುಟ ಕಟ್ಟಿ ಅಚ್ಚು ಹಾಕಬೇಕು. ಕಲಿಸಲು ಹೊರಗಿನಿಂದ ಒಬ್ಬ ಸರ್ ಬಂದರು. ಅಬಿಡ್ಸ್ ಕಡೆಯ ಯಾವುದೋ ಪತ್ರಿಕೆಯ ಡೆಸ್ಕಿನಲ್ಲಿ ಅರ್ಧ ಆಯುಷ್ಯ ಕಳೆದವರು. ಹಿಂದಿ, ತೆಲುಗು, ಇಂಗ್ಲಿಷನ್ನು ಒಂದೇ ಪಾತ್ರೆಗೆ ಸುರಿದು ಮಾತಾಡುತ್ತಿದ್ದರು. ಆದರೆ ನನ್ನ ನೆನಪಿನಲ್ಲಿ ಅವರು ಹೇಳಿದ್ದೆಲ್ಲ ಕನ್ನಡದಲ್ಲೇ ಉಳಿದುಬಿಟ್ಟಿದೆ.

ಅವರೂ ಕೂರುತ್ತಿರಲಿಲ್ಲ! ಮೊದಲ ದಿನವೇ ನನಗೆ ಅವರು ಹಿಡಿಸಿದ್ದು ಅದಕ್ಕೆ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಹಲಗೆಗೆ ಓಡಾಡುತ್ತಲೇ ಪಾಠ. ನಾವು ಬರೆದ ಹಾಳೆಯನ್ನು ನಿಂತುಕೊಂಡೇ ಓದುತ್ತಿದ್ದರು. 'ಅದ್ಭುತ', 'ಅಪಾರ', 'ಅತ್ಯಂತ' ಎಂಬ ಮಾತು ಕಂಡರೆ ಅಲ್ಲಲ್ಲೇ ಗೀಟು ಎಳೆಯುತ್ತಿದ್ದರು. ವಾರ್ಷಿಕೋತ್ಸವದ ಬಗ್ಗೆ ನಾನು ಎರಡು ಪುಟ ಬರೆದು ಕೊಟ್ಟಿದ್ದೆ. ಗೀಟೆಲ್ಲ ಮುಗಿದ ಮೇಲೆ ಉಳಿದದ್ದು ಇಷ್ಟು: ಕಾರ್ಯಕ್ರಮ ತಡವಾಗಿ ಆರಂಭವಾಯಿತು, ಮೈಕು ಕೆಟ್ಟಿತು. ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಹಾಳೆ ಹರಿದು ಬಿಸಾಡಿದೆ. ಮಾರನೆಯ ಶನಿವಾರ ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ.

ಅದೇ ದಿನಗಳಲ್ಲಿ ಶಾಲೆಯಲ್ಲಿ ಒಂದು ಸುದ್ದಿ ಎದ್ದಿತು. ನಮ್ಮ ಶಾಲೆಯನ್ನು ಕೆಡವುತ್ತಾರೆ, ಆ ಜಾಗದಲ್ಲಿ ಸಾಫ್ಟ್‌ವೇರ್ ಕಂಪನಿ ಬರುತ್ತದೆ ಎಂದು. ಯಾರ ಬಾಯಲ್ಲಿ ನೋಡಿದರೂ ಅದೇ ಮಾತು. ನಾನಂತೂ ಕುಣಿದಾಡಿಬಿಟ್ಟೆ. ಮೊದಲ ಪುಟದ ಸುದ್ದಿ ಸಿಕ್ಕಿತಲ್ಲ ಎಂದು ರಾತ್ರೋರಾತ್ರಿ ಬರೆದು ತಂದೆ. ಸರ್ ಓದಿದರು, ಗೀಟು ಎಳೆಯಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು ಕೇಳಿದರು: "ಕೌನ್ ಬೋಲಾ?"

ಯಾರು ಹೇಳಿದರು ಎಂದರೆ ಏನು ಹೇಳಲಿ? "ಎಲ್ಲಾರೂ ಹೇಳ್ತಾರೆ ಸರ್" ಎಂದೆ.

"ಎಲ್ಲಾರೂ ಅಂದರೆ ಯಾರೂ ಅಲ್ಲ. ಹೆಸರು ಹೇಳು."

ಒಬ್ಬನ ಹೆಸರು ಹೇಳಿದೆ. ಅದನ್ನು ಹಲಗೆಯ ಮೇಲೆ ಬರೆದು ಅವನತ್ತ ತಿರುಗಿದರು. "ಉಸ್ಕು ಕೌನ್ ಬೋಲಾ?" ಅವನಿಗೆ ಯಾರು ಹೇಳಿದರು? ಅವನು ಇನ್ನೊಬ್ಬನನ್ನು ತೋರಿಸಿದ. ಒಂದು ಬಾಣದ ಗುರುತು. ಇನ್ನೊಬ್ಬ ಮತ್ತೊಬ್ಬಳನ್ನು. ಇನ್ನೊಂದು ಬಾಣ. ಹಲಗೆ ತುಂಬ ಹೆಸರು, ಬಾಣ. ನೋಡನೋಡುತ್ತ ಬಾಣಗಳೆಲ್ಲ ಓಡಿಹೋಗಿ ಕೊನೆಯ ಬೆಂಚಿನ ಒಬ್ಬ ಹುಡುಗಿಯ ಹೆಸರಿನ ಮೇಲೆ ನಿಂತವು. ಅವಳು ಅಳುವುದೊಂದು ಬಾಕಿ. ಶಾಲೆಯ ವ್ಯಾನಿನಿಂದ ಇಳಿಯುವಾಗ ಇಬ್ಬರು ಟೇಪು ಹಿಡಿದು ಕಾಂಪೌಂಡ್ ಗೋಡೆ ಅಳೆಯುವುದನ್ನು ನೋಡಿದ್ದಳಂತೆ, ಅಷ್ಟೇ. "ಕೆಡವತಾರೇನೋ" ಎಂದು ಗೆಳತಿಗೆ ಹೇಳಿದ್ದಳಂತೆ.

"ಇಡೀ ಶಾಲೆ ಹೇಳಿದರೂ ಇದು ಒಬ್ಬಳು ಹೇಳಿದ ಸುದ್ದಿ" ಎಂದರು ಸರ್. "ಅಳೆದವರು ಇವತ್ತೂ ಬಂದು ಗೇಟಿನ ಹತ್ತಿರವೇ ಇದ್ದಾರೆ. ಅವರನ್ನು ಕೇಳಿದಿರೇನು?"

ಯಾರೂ ಕೇಳಿರಲಿಲ್ಲ. ನಾನೇ ಓಡಿದೆ. ಅವರಲ್ಲೊಬ್ಬ ನನ್ನನ್ನು ವಿಚಿತ್ರವಾಗಿ ನೋಡಿ, "ಗೋಡಕು ಸುನ್ನಂ ವೇಯಾಲಿ ಅಮ್ಮಾ" ಎಂದ. ಗೋಡೆಗೆ ಸುಣ್ಣ ಬಳಿಯಲು ಅಳತೆ! ಥೂ, ಎಂಥ ನಿರಾಸೆ. ಶಾಲೆ ಬೀಳುತ್ತದೆಂಬ ಆಸೆಯೂ ಹೋಯಿತು, ಮೊದಲ ಪುಟವೂ ಹೋಯಿತು. ಆದರೆ ಆ ಬಾಣಗಳ ಹುಚ್ಚು ಮಾತ್ರ ನನ್ನನ್ನು ಹಿಡಿಯಿತು. ಯಾರು ಏನೇ ಹೇಳಲಿ, "ನಿಮಗ ಯಾರ ಹೇಳಿದ್ರು?" ಎಂದು ಕೇಳುವುದು ಚಟವಾಯಿತು. ಹಾಲಿನವನನ್ನೂ ಬಿಡಲಿಲ್ಲ. ಅಪ್ಪ ಅದಕ್ಕೆ 'ಪೊಲೀಸ್ ಬ್ಯಾನಿ', ಅಂದರೆ ಪೊಲೀಸ್ ರೋಗ, ಎಂದು ಹೆಸರಿಟ್ಟರು.

ಮನೆಯಲ್ಲಿ ಆಗ ಅಕ್ಕನ ಮದುವೆಯ ಮಾತು ನಡೆದಿತ್ತು.

ಅಕ್ಕ ಬಿ.ಎಸ್ಸಿ. ಮುಗಿಸಿ ಬೇಗಂಪೇಟೆಯ ಒಂದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಂಪನಿಗೆ ಸೇರಿದ್ದಳು. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿ ಏನೇನೋ ಟೇಪಿಗೆ ಹೇಳುತ್ತಾರೆ. ಇವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ ಟೈಪು ಮಾಡಬೇಕು. ಮಧ್ಯಾಹ್ನ ಕಂಪನಿಯ ವ್ಯಾನು ಬಂದು ಕರೆದೊಯ್ಯುತ್ತಿತ್ತು, ರಾತ್ರಿ ತಂದು ಬಿಡುತ್ತಿತ್ತು. "ಇವತ್ತ ಎರಡು ಹಾರ್ಟ್ ಆಪರೇಷನ್, ಒಂದು ಹೆರಿಗಿ ಮಾಡಿ ಬಂದೀನಿ, ನೀರು ಕೊಡ" ಎನ್ನುತ್ತ ಚಪ್ಪಲಿ ಬಿಡುತ್ತಿದ್ದಳು. ಮೊದಲೆಲ್ಲ ಮನೆಗೆ ಯಾರಾದರೂ ಬಂದರೆ ಅಡುಗೆಮನೆ ಸೇರುತ್ತಿದ್ದ ಅಕ್ಕ ಈಗ ನಗುತ್ತಿದ್ದಳು, ಅಪ್ಪನ ಜೊತೆ ವಾದ ಮಾಡುತ್ತಿದ್ದಳು, ನಡೆಯುವಾಗ ಕೈ ಬೀಸುತ್ತಿದ್ದಳು. ಆ ಕೆಲಸ ಅವಳಿಗೆ ಬೆನ್ನೆಲುಬು ಕೊಟ್ಟಿತ್ತು. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚೂ ಆಗುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು.

ಹುಡುಗ ಲಿಂಗಂಪಲ್ಲಿಯವನು, ನಮ್ಮವರೇ, ಸಾಫ್ಟ್‌ವೇರು. ನೋಡಲು ಬಂದ ದಿನ ಅವನು ಅವ್ವ ಮಾಡಿದ ಮಿರ್ಚಿ ಭಜಿ ತಿಂದು ಕಣ್ಣಲ್ಲಿ ನೀರು ತಂದುಕೊಂಡ. ಆದರೂ, "ಖಾರ ಏನಿಲ್ರಿ" ಎಂದ. ಅಕ್ಕನಿಗೆ ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ಅವರು ಹೋದ ಮೇಲೆ ಅಕ್ಕ ಅಪ್ಪನಿಗೆ ಒಂದೇ ಮಾತು ಹೇಳಿದಳು.

"ಹುಡುಗ ಚೊಲೋ ಅದಾನಪ್ಪಾ. ಆದ್ರ ಮದುವಿ ಆದ ಮ್ಯಾಲೂ ನಾ ನೌಕರಿಗೆ ಹೋಗಾಕಿ. ಅದಕ್ಕ ಹ್ಞೂಂ ಅಂದ್ರ ನಂದೂ ಹ್ಞೂಂ. ಇಲ್ಲಂದ್ರ ಬ್ಯಾಡ."

ಅದೊಂದೇ ಷರತ್ತು. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಅಪ್ಪ, "ವಿಚಾರಸ್ತೀನಿ" ಎಂದರು.

ವಿಚಾರಿಸುವುದು ಎಂದರೆ ನಮ್ಮವರಲ್ಲಿ ಒಂದು ಪದ್ಧತಿ. ಹುಡುಗನ ಮನೆಗೆ ಹೋಗಿ ಬಾಯಿ ಬಿಟ್ಟು ಕೇಳುವುದಲ್ಲ. ಹೆಣ್ಣು ಕೊಡುವವರು ಬೀಗರನ್ನು ನೇರ ಕೇಳಿದರೆ ಮರ್ಯಾದೆ ಅಲ್ಲ. ಅದರಲ್ಲೂ ನೌಕರಿ ವಿಷಯ ಕೇಳಿದರೆ ಮುಗಿದೇ ಹೋಯಿತು, ಹುಡುಗಿ ಮನೆ ನೋಡಿಕೊಳ್ಳುವವಳಲ್ಲ ಎಂದು ಹಣೆಪಟ್ಟಿ ಹಚ್ಚಿಬಿಡುತ್ತಾರೆ. ಅದಕ್ಕೆ ಸುತ್ತಿನ ಕನ್ನಡದವರ ಮನೆಗಳಲ್ಲಿ ಕೇಳಬೇಕು. ಹೈದರಾಬಾದು ಎಷ್ಟೇ ದೊಡ್ಡದಿರಲಿ, ನಮ್ಮ ಮಂದಿ ಒಬ್ಬರ ಬಾಯಿಗೆ ಒಬ್ಬರ ಕಿವಿ ಅಂಟಿಸಿಕೊಂಡೇ ಇರುತ್ತಾರೆ. ಅಪ್ಪ ಹಾಗೆಯೇ ವಿಚಾರಿಸಿದರು. ಅಂಬರಪೇಟೆಯಲ್ಲಿರುವ ನಮ್ಮ ಮೌಶಿ, ಅಂದರೆ ಅವ್ವನ ತಂಗಿ, "ನೌಕರಿಗೆ ಕಳಸ್ತಾರಂತ" ಎಂದಳು. ನಮ್ಮ ಓಣಿಯ ಕಾಕು, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಭಜನೆ ಮಂಡಳಿಯ ಮುಖ್ಯಸ್ಥೆ, "ನೌಕರಿಗೆ ಅವ್ರದೇನೂ ಅಡ್ಡಿಯಿಲ್ಲಂತ" ಎಂದಳು. ಅಂಚೆ ಕಚೇರಿಯಿಂದ ನಿವೃತ್ತರಾಗಿ ಅಬಿಡ್ಸಿನಲ್ಲಿದ್ದ ಕಾಕಾ, ಈ ಸಂಬಂಧವನ್ನು ತಂದವರು, "ಅದರ ಚಿಂತಿ ಬಿಡ್ರಿ, ಅದು ಪಕ್ಕಾ ಐತಂತ" ಎಂದರು.

"ಮೂರು ಮಂದಿ ಹೇಳ್ಯಾರ" ಎಂದು ಅಪ್ಪ ಮನೆಗೆ ಬಂದು ಬೆರಳು ಮಡಚಿ ತೋರಿಸಿದರು. "ಒಬ್ರಲ್ಲ, ಇಬ್ರಲ್ಲ. ಇನ್ನೇನ ಬೇಕು?"

ಅಕ್ಕನ ಮುಖ ಅರಳಿತು. ಮಾತುಕತೆ ಮುಗಿಸಿ ಎಲೆಅಡಿಕೆ ಬದಲಾಯಿಸಲು ಒಂದು ಭಾನುವಾರ ಗೊತ್ತಾಯಿತು. ಅಕ್ಕ ಹಾಡು ಗುನುಗುತ್ತ ಬಟ್ಟೆ ಮಡಚುತ್ತಿದ್ದಳು. ನನಗೆ ಮಾತ್ರ ಅಂದಿನಿಂದ ಅನ್ನ ಸೇರಲಿಲ್ಲ. ಮೂರೂ ಜನ 'ಅಂತ' ಎಂದಿದ್ದಾರೆ. 'ಅಂತ' ಎಂದರೆ ಯಾರೋ ಹೇಳಿದ್ದು. ಯಾರು ಹೇಳಿದ್ದು? ಕಾಲು ಮತ್ತೆ ಅಲ್ಲಾಡತೊಡಗಿತು.

ಮೊದಲು ಅಬಿಡ್ಸಿಗೇ ಹೋದೆ. ಭಾನುವಾರ ಅಂಗಡಿಗಳು ಮುಚ್ಚಿರುವಾಗ ಫುಟ್‌ಪಾತ್ ತುಂಬ ಹಳೆಯ ಪುಸ್ತಕಗಳನ್ನು ಹರಡುತ್ತಾರಲ್ಲ, ಪತ್ರಿಕೆ ಕ್ಲಾಸಿಗೆ ಹಳೆಯ ಡಿಕ್ಷನರಿ ಬೇಕೆಂದು ನೆವ ಹೇಳಿ ಬಸ್ಸು ಹತ್ತಿದೆ. ಕಾಕಾ ಪ್ರತಿ ಭಾನುವಾರ ಅಲ್ಲೇ ಇರುತ್ತಾರೆಂದು ಗೊತ್ತಿತ್ತು. ಒಂದು ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಪುಸ್ತಕದ ಧೂಳು ಊದುತ್ತಿದ್ದರು.

"ಕಾಕಾ, ನೌಕರಿ ವಿಷಯ ಹುಡುಗನ ಮನಿಯವ್ರು ನಿಮ್ಮ ಮುಂದ ಹೇಳಿದ್ರೇನ್ರಿ?"

"ಏ, ನನ್ನ ಮುಂದ ಯಾಕ ಹೇಳ್ತಾರವಾ? ಆದ್ರ ಸುದ್ದಿ ಪಕ್ಕಾ ಐತಿ. ನಿಮ್ಮ ಓಣಿ ಕಾಕು ಭಜನಿಗೆ ಬಂದಾಗ ನಮ್ಮಾಕಿಗೆ ಹೇಳ್ಯಾಳ."

ಒಂದು ಬಾಣ. ಡಿಕ್ಷನರಿಯನ್ನೂ ಕೊಳ್ಳದೆ ವಾಪಸು ಬಂದೆ. ಸಂಜೆ ಕಾಕುವಿನ ಮನೆ. ಅವಳು ಬತ್ತಿ ಹೊಸೆಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಹತ್ತಿ ಬಿಡಿಸುತ್ತ ಕೇಳಿದೆ.

"ನನಗ ನಿಮ್ಮ ಮೌಶಿನs ಹೇಳಿದ್ಳಲ್ಲ! ಗುಡ್ಯಾಗ ಸಿಕ್ಕಿದ್ಳು. ಸ್ವಂತ ಮೌಶಿ ಸುಳ್ಳ ಹೇಳತಾಳೇನ?"

ಎರಡನೆಯ ಬಾಣ. ಇನ್ನು ಉಳಿದವಳು ಮೌಶಿ. ಅವಳಿಗೆ ಫೋನು ಮಾಡಿದೆ. ಅವಳಾದರೂ ಹುಡುಗನ ಮನೆಯವರ ಬಾಯಿಂದ ಕೇಳಿರಲಿ ಎಂದು ದೇವರಿಗೆ ಬೇಡಿಕೊಂಡೆ.

"ನನಗ್ಯಾರ ಹೇಳ್ಯಾರ? ನಿಮ್ಮವ್ವನs!" ಎಂದಳು ಮೌಶಿ. "ಕಳಸ್ತಾರೇನೋ ಅಂತ ಅಂದ್ಳು. ನಾ ಅಂದೆ, ಈಗಿನ ಕಾಲದಾಗ ಯಾರು ಬ್ಯಾಡ ಅಂತಾರ, ಕಳಸ್ತಾರ ತಗೋ. ಯಾಕ, ಏನಾತು?"

ಫೋನು ಇಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸುದ್ದಿ ಹುಟ್ಟಿದ್ದು ನಮ್ಮ ಅಡುಗೆಮನೆಯಲ್ಲೇ! ಅವ್ವನ ಆಸೆಯ ಮಾತೊಂದು ಅಂಬರಪೇಟೆಗೆ ಹೋಗಿ, ಭಜನೆಗೆ ಹೋಗಿ, ಅಬಿಡ್ಸಿಗೆ ಹೋಗಿ, ಅಲ್ಲಿಂದ ಪಕ್ಕಾ ಆಗಿ ಅಪ್ಪನ ಕೈಯಲ್ಲಿ ನಮ್ಮ ಮನೆಗೇ ತಿರುಗಿ ಬಂದಿತ್ತು. ಲಿಂಗಂಪಲ್ಲಿಗೆ ಒಂದು ಸಲವೂ ಹೋಗಿರಲಿಲ್ಲ. ನಗು ಬಂತು. ಆಮೇಲೆ ಅಕ್ಕ ಗುನುಗುವುದು ಕೇಳಿಸಿತು, ನಗು ನಿಂತುಹೋಯಿತು.

ಅವ್ವನ ಹತ್ತಿರ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಣಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಮೌಶಿಯ ಹೆಸರು ಬರುವಷ್ಟರಲ್ಲಿ ಅವಳ ಕೈ ನಿಧಾನವಾಯಿತು.

"ನೀ ಮೌಶಿಗೆ ಏನಂದಿ ಅವ್ವಾ?"

"ಕಳಸ್ತಾರೇನೋ ಅಂತ ಅಂದಿದ್ದೆ" ಎಂದಳು. ಹಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು. "ಆಮ್ಯಾಲ ನಿಮ್ಮಪ್ಪ ಬಂದು ಮೂರು ಮಂದಿ ಹೇಳ್ಯಾರ ಅಂದ್ರು. ಖರೇ ಇರಬೇಕು ಅಂತ ನಾನೂ ನಂಬಿದೆ."

ಅಪ್ಪನಿಗೆ ಹೇಳಿದಾಗ ಅವರು ಕೆರಳಿದರು. "ನಿನ್ನ ಪೇಪರಿನ ಹುಚ್ಚು ಶಾಲಿಯೊಳಗ ಇಟಗೋ. ಮನ್ಯಾಗ ಶುಭಕಾರ್ಯ ಐತಿ. ಮಂದಿ ಬರಾಕ ತಯಾರಾಗ್ಯಾರ, ಈಗ ಹೋಗಿ ಏನಂತ ಕೇಳ್ಲಿ? ನಮ್ಮ ಹುಡುಗಿ ಮನಿ ಕೆಲಸ ಮಾಡಾಂಗಿಲ್ಲ ಅಂತ ಹೇಳ್ಲೇನು?"

"ಹಂಗಲ್ಲಪ್ಪಾ, ಅವ್ರ ಮನಿಯವ್ರು ಒಬ್ರೂ ಹೇಳಿಲ್ಲ!"

"ಹೇಳಿಲ್ಲಂದ್ರ ಬ್ಯಾಡಂತನೂ ಹೇಳಿಲ್ಲಲ್ಲ! ಸುಮ್ಮ ಕೂಡು."

ಸುಮ್ಮನೆ ಕೂರುವುದು ನನಗೆಲ್ಲಿ ಬರುತ್ತದೆ? ಅಕ್ಕನನ್ನು ಮಾಳಿಗೆಗೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಒಣಗಿದ ಬಟ್ಟೆಯನ್ನು ಹಗ್ಗದಿಂದ ತೆಗೆಯುತ್ತಿದ್ದವಳು ಹಾಗೇ ನಿಂತಳು.

"ಅಂದ್ರ ಅವ್ರನ್ನ ಯಾರೂ ಕೇಳೇ ಇಲ್ಲ?"

"ಯಾರೂ ಇಲ್ಲ."

"ಕೇಳದs ನನ್ನ ಕೊಡಾಕ ಹೊಂಟಾರ?" ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗದ ಮೇಲೆಯೇ ಎಸೆದಳು. ಸ್ವಲ್ಪ ಹೊತ್ತಿಗೆ ಕಣ್ಣು ಒರೆಸಿಕೊಂಡು, "ಅಂವ ಚೊಲೋ ಅದಾನ ನೋಡ" ಎಂದಳು. ನನಗೆ ಅಳು ಬಂದುಬಿಟ್ಟಿತು.

ಮುಂದಿನ ಶನಿವಾರ ಕ್ಲಾಸು ಮುಗಿದ ಮೇಲೆ ಸರ್ ಹಿಂದೆ ಹಿಂದೆಯೇ ಹೋದೆ. ಅಕ್ಕನ ವಿಷಯ ಹೇಳಲಿಲ್ಲ. ಒಂದು ಸುದ್ದಿ ಇದೆ, ಬಾಣಗಳೆಲ್ಲ ಒಬ್ಬರ ಕಡೆಗೇ ಹೋಗುತ್ತವೆ, ಅವರಿಗೆ ನಿಜ ಗೊತ್ತಿಲ್ಲ, ಗೊತ್ತಿರುವವರನ್ನು ಕೇಳುವ ಹಾಗಿಲ್ಲ, ಆಗ ಏನು ಮಾಡಬೇಕು ಎಂದೆ.

"ಕೇಳುವ ಹಾಗಿಲ್ಲ ಅಂತ ಕೌನ್ ಬೋಲಾ?" ಎಂದು ನಕ್ಕರು. ನಾನು ನಗಲಿಲ್ಲ. ಅವರು ನಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು: "ಹೌದು, ಅಲ್ಲ ಅಂತ ಉತ್ತರ ಬರುವ ಪ್ರಶ್ನೆ ಕೇಳಬೇಡ. ಜನ ನಿನ್ನನ್ನು ಖುಷಿಪಡಿಸಲು ಹೌದು ಅನ್ನುತ್ತಾರೆ. ನಿಮ್ಮ ದಿನ ಹೇಗೆ ನಡೆಯುತ್ತದೆ ಅಂತ ಕೇಳು. ಕೇಳಿ ಸುಮ್ಮನಿರು. ನಡುವೆ ಬಾಯಿ ಹಾಕಬೇಡ."

ಅದನ್ನು ಹಾಗೆಯೇ ತಂದು ಅಕ್ಕನಿಗೆ ಒಪ್ಪಿಸಿದೆ.  ಮುಂದಿನ ವಾರವಿಡೀ ಅವಳು ಗುನುಗಲಿಲ್ಲ.

ಗೊತ್ತಾಗಿದ್ದ ಭಾನುವಾರ ಬಂತು. ಅವ್ವ ಬೆಳಗಿನಿಂದ ಹೋಳಿಗೆ ಮಾಡಿದ್ದಳು. ಬುಟ್ಟಿಗಟ್ಟಲೆ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ. ಮನೆಯೆಲ್ಲ ಬೆಲ್ಲದ ವಾಸನೆ. ಆ ಭಾನುವಾರ ಅಕ್ಕನಿಗೆ ಪಾಳಿ ಇತ್ತು, ಆಫೀಸಿಗೆ ರಜೆ ಹಾಕಿದ್ದಳು. ಹುಡುಗ, ಅವನ ತಾಯಿ, ಸಂಬಂಧ ತಂದ ಅಬಿಡ್ಸಿನ ಕಾಕಾ ಬಂದು ಹಾಲ್‌ನಲ್ಲಿ ಕೂತರು. ಹುಡುಗನ ತಂದೆಗೆ ಮೈಯಲ್ಲಿ ಹುಷಾರಿಲ್ಲವೆಂದು ಅವರು ಬಂದಿರಲಿಲ್ಲ. ಮೊದಲು ಎಲೆಅಡಿಕೆ, ಆಮೇಲೆ ಊಟ ಎಂದಾಯಿತು. ಅಪ್ಪ ತಟ್ಟೆಯನ್ನು ಮುಂದಕ್ಕೆ ಸರಿಸಿದರು.

ರೇಷ್ಮೆ ಸೀರೆ ಉಟ್ಟು ಮೂಲೆಯಲ್ಲಿ ಕೂತಿದ್ದ ಅಕ್ಕ ಆಗ ಬಾಯಿ ತೆರೆದಳು.

"ಅವ್ವಾರ, ನಿಮ್ಮ ಮನ್ಯಾಗ ಮುಂಜಾನಿಂದ ಸಂಜಿತನಕ ದಿನಾ ಹೆಂಗ ಕಳೀತೈತ್ರಿ?"

ಅಪ್ಪ ಬೆಚ್ಚಿದರು. ಆದರೆ ಹುಡುಗನ ತಾಯಿಯ ಮುಖ ಬೆಳಗಿತು. ಪಾಪ, ಹಾಗೆಂದು ಅವರನ್ನು ಯಾರೂ ಎಂದೂ ಕೇಳಿರಲಿಲ್ಲವೇನೋ. ಮನಬಿಚ್ಚಿ ಹೇಳಿದರು.

"ಏನ ಹೇಳ್ಲಿ ತಂಗಿ. ನಸುಕಿನ್ಯಾಗ ಏಳ್ತೀನಿ. ಇಂವನ ಡಬ್ಬಿ ಆಗ್ಬೇಕು. ನಮ್ಮನಿಯವ್ರಿಗೆ ಸಕ್ಕರಿ ಬ್ಯಾನಿ, ತಾಸಿಗೊಮ್ಮೆ ಏನರ ಕೊಡ್ಬೇಕು, ಈಗ ಕಾಲಿನ ಗಾಯ ಬ್ಯಾರೆ ಆಗೇತಿ, ಅವ್ರನ್ನ ಒಬ್ರನ್ನs ಬಿಟ್ಟು ಹೊರಗ ಹೋಗಾಕ ಆಗಾಂಗಿಲ್ಲ. ನನ್ನ ಮೊಣಕಾಲ ಹಿಡದಾವ. ಗುಡಿಗೆ ಹೋಗಿ ಎಷ್ಟ ದಿನ ಆತೋ! ಇನ್ನ ನೀ ಬರ್ತಿ. ಮನ್ಯಾಗ ಇನ್ನೊಂದ ಜೀವ ಇರ್ತೈತಿ. ದೇವರು ಕಣ್ಣ ತೆರದ ಅಂತ ತಿಳದೀನಿ."

ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಹುಡುಕಿದರೂ ಏನೂ ಸಿಗಲಿಲ್ಲ. ಅಕ್ಕ ತಲೆ ತಗ್ಗಿಸಿರಲಿಲ್ಲ.

"ನಾ ನೌಕರಿಗೆ ಹೋಗ್ತೀನ್ರಿ. ಮಧ್ಯಾಹ್ನ ಹೋದ್ರ ರಾತ್ರಿ ಬರೂದು."

"ಹೋಗವಾ. ಮದುವಿ ತನಕ ಹೋಗು, ಯಾರು ಬ್ಯಾಡ ಅಂದ್ರು?"

ಅಬಿಡ್ಸಿನ ಕಾಕಾ ಕೆಮ್ಮಿದರು. ಅಪ್ಪ ತಟ್ಟೆಯ ಮೇಲಿನ ಕೈಯನ್ನು ಹಿಂದಕ್ಕೆ ತೆಗೆದರು.

"ಮದುವಿ ಆದ ಮ್ಯಾಲೂ ನೀವು ಕಳಸ್ತೀರಿ ಅಂತ ನಮಗ ಸುದ್ದಿ ಇತ್ರಿ" ಎಂದಳು ಅಕ್ಕ.

"ನಾವs?" ಅವರು ಮಗನ ಮುಖ ನೋಡಿದರು, ಕಾಕಾನ ಮುಖ ನೋಡಿದರು. "ಯಾರ ಹೇಳಿದ್ರು? ನಮ್ಮನ್ನ ಯಾರೂ ಕೇಳೇ ಇಲ್ಲಲ್ಲ! ಕೇಳಿದ್ರ ಮೊದಲ ದಿನಾನs ಹೇಳ್ತಿದ್ದೆ. ನಾ ಏನ ಮುಚ್ಚಿಡಾಕಿ? ಅವರನ್ನ ಮನ್ಯಾಗ ಒಬ್ರನ್ನs ಬಿಟ್ಟು ಇಷ್ಟ ದೂರ ಬರ್ತಿದ್ದಿಲ್ಲ." ಅವರ ಕಣ್ಣು ತುಂಬಿತು. ಮೋಸ ಮಾಡಿದವರು ಯಾರೂ ಇರಲಿಲ್ಲ, ಮೋಸ ಹೋದವರು ಮಾತ್ರ ಕೋಣೆ ತುಂಬ ಕೂತಿದ್ದರು.

ಅಕ್ಕ ಹುಡುಗನ ಕಡೆ ತಿರುಗಿದಳು. ಅವನು ನೆಲ ನೋಡುತ್ತ, "ಅವ್ವನ ಕೈಲಿ ಇನ್ನ ಆಗಾಂಗಿಲ್ರಿ" ಎಂದ.  ಇನ್ನೇನಾದರೂ ಹೇಳುತ್ತಾನೆಂದು ಅಕ್ಕ ಕಾದಳು, ನನಗೆ ಕಂಡಿತು.

"ಹಂಗಾದ್ರ ನನ್ನ ಕೈಲೂ ಆಗಾಂಗಿಲ್ರಿ" ಎಂದಳು. ಎದ್ದು ಹುಡುಗನ ತಾಯಿಯ ಕಾಲಿಗೆ ನಮಸ್ಕಾರ ಮಾಡಿದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟರು. ಅಕ್ಕ ಒಳಗೆ ಹೋದಳು.

"ಊಟಾ ಮಾಡಿ ಹೋಗ್ರಿ" ಎಂದು ಅವ್ವ ಬಾಗಿಲವರೆಗೂ ಬೇಡಿಕೊಂಡಳು. "ಇರ್ಲಿ ಬಿಡ್ರಿ ಅಕ್ಕಾರ" ಎಂದು ಅವರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದರು. ಮಗ ಅವರ ತೋಳು ಹಿಡಿದಿದ್ದ. ಕಾಕಾ ಯಾರ ಮುಖವನ್ನೂ ನೋಡದೆ ಅವರ ಹಿಂದೆ ನಡೆದರು.

ಅಪ್ಪ ಕುರ್ಚಿಯಲ್ಲಿ ಕುಸಿದರು. "ಮುಗೀತು. ಸಂಜಿಯೊಳಗ ಎಲ್ಲಾ ಮನಿಗೂ ಗೊತ್ತಾಗ್ತೈತಿ. ಇನ್ನ ಈ ಮನಿಗೆ ಯಾರು ಬರತಾರ?" ಎಂದರು. ಆಮೇಲೆ ನನ್ನ ಕಡೆ ನೋಡಿ, "ಸಮಾಧಾನ ಆತೇನವಾ ಪೇಪರಿನಾಕಿ?" ಎಂದರು. ಆಗಿರಲಿಲ್ಲ. ನಿಜ ತಿಳಿದರೆ ಒಳಗಿನ ಕುದಿ ನಿಲ್ಲುತ್ತದೆಂದು ನಾನು ಅಂದುಕೊಂಡಿದ್ದೆ. ಅದು ಇನ್ನಷ್ಟು ಕುದಿಯಿತು. ಹಾಲ್‌ನಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಹಾಲ್‌ಗೆ ತಿರುಗುತ್ತಿದ್ದೆ.

ಅಕ್ಕ ಹೊರಗೆ ಬಂದಳು. ರೇಷ್ಮೆ ಸೀರೆ ಹೋಗಿ ದಿನದ ಚೂಡಿದಾರ ಬಂದಿತ್ತು. ಕಣ್ಣು ಕೆಂಪಗಿದ್ದವು. ಫೋನು ಎತ್ತಿ ಆಫೀಸಿಗೆ ಮಾಡಿ, ರಜೆ ಬೇಡ, ವ್ಯಾನು ಈ ಕಡೆ ಬರಲಿ ಎಂದು ತೆಲುಗಿನಲ್ಲಿ ಹೇಳಿದಳು. ಅಪ್ಪ, "ಇವತ್ತೊಂದಿನ ಮನ್ಯಾಗ ಇರಬಾರದೇನ?" ಎಂದರು. ಅವಳು ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಗಿದುಕೊಂಡಳು, ಬಿಚ್ಚಿದಳು, ಮತ್ತೆ ಬಿಗಿದುಕೊಂಡಳು. ನಾನು ಪಕ್ಕದಲ್ಲಿ ಹೋಗಿ ಕೂತೆ.  ಅವಳು ನನ್ನ ಕೈ ಹಿಡಿದುಕೊಂಡಳು, ನೋವಾಗುವಷ್ಟು ಬಿಗಿಯಾಗಿ.

ಓಣಿಯ ಕೊನೆಯಲ್ಲಿ ವ್ಯಾನಿನ ಹಾರ್ನು ಕೇಳಿತು. ಅಕ್ಕ ಎದ್ದು ಗೇಟು ದಾಟುವಷ್ಟರಲ್ಲಿ ಅವ್ವ ಒಳಗಿನಿಂದ ಓಡಿಬಂದಳು. ಬಂದವರು ಹೋದಾಗಿನಿಂದ ಅವಳು ಅಡುಗೆಮನೆಯಲ್ಲೇ ಇದ್ದಳು. ಕೈಯಲ್ಲಿ ದೊಡ್ಡ ಸ್ಟೀಲಿನ ಡಬ್ಬಿ, ಮುಚ್ಚಳ ಮುಚ್ಚಲಾರದಷ್ಟು ಹೋಳಿಗೆ. ಅದನ್ನು ಅಕ್ಕನ ಕೈಗೆ ಒತ್ತಿದಳು.

"ಭಾಳ ಉಳದಾವ. ನಿನ್ನ ಜೋಡಿ ಕೆಲಸಾ ಮಾಡೂರಿಗೆಲ್ಲಾ ಕೊಡು. ತುಪ್ಪ ಮ್ಯಾಲ ಹಾಕೀನಿ, ಡೊಂಕ ಹಿಡೀಬ್ಯಾಡ."

ಅಕ್ಕ ಡಬ್ಬಿ ಹಿಡಿದು ಅವ್ವನನ್ನೇ ನೋಡಿದಳು. ವ್ಯಾನು ಮತ್ತೆ ಹಾರ್ನು ಹೊಡೆಯಿತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಅಪ್ಪನಿಗೂ ಕೇಳುವ ಹಾಗೆ ದನಿ ಎತ್ತಿ ಹೇಳಿದಳು.

"ಮುಂದ ಯಾರರ ಬಂದ್ರ ಮೊದಲ ದಿನಾನs ನಾನs ಕೇಳ್ತೀನಿ. ನೀ ನಡಿ, ಹೊತ್ತಾತು."